ಟಪಾಲಿನ ಜರಡಿ: ಬಿಗಿ ಮಾಡಿ ಕೆಟ್ಟ ಒಂದು ಅನುಭವ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಬೋರ್ಡೋ ದ್ರಾವಣ, ನೆರಳು ಮರ, ಕಣದ ಕೆಲಸ ಮುಂತಾದ ವಿಷಯಗಳನ್ನು ಬರೆಯುತ್ತೇವೆ. ಈ ಸಂಚಿಕೆಯ ಪಾಠ ತೋಟದ್ದಲ್ಲ, ಕಚೇರಿಯದು. ಆದರೂ ತೋಟದ ಹಣಕ್ಕೂ ಇದಕ್ಕೂ ನೇರವಾದ ಸಂಬಂಧವಿದೆ. ಸಂಘದ ಇ-ಮೇಲ್‌ಗೆ ಬಂದು ಬೀಳುವ ಕಾಗದಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸುವ ಏರ್ಪಾಡಿನ ವಿಷಯ ಇದು. ಇದಕ್ಕೆ ಸ್ಪ್ಯಾಮ್ ಫಿಲ್ಟರ್ ಎಂದು ಹೆಸರು. ನಾವು ಇದನ್ನು ಟಪಾಲಿನ ಜರಡಿ ಎಂದು ಕರೆಯೋಣ.

ಈ ಜರಡಿಯ ಕೆಲಸ ಸರಿಯಾಗಿ ತಿಳಿಯದೆ 2025ರಲ್ಲಿ ಎರಡು ನಷ್ಟಗಳಾದವು. ಮೊದಲನೆಯದು ನಮ್ಮ ಸಂಘದ್ದು. ಎರಡನೆಯದು ನಮ್ಮ ದುಡುಕಿನಿಂದ ಕೋಲಾರ ಜಿಲ್ಲೆಯ ಮಾವು ಬೆಳೆಗಾರರಿಗೆ ಆದದ್ದು. ಎರಡನ್ನೂ ಮುಚ್ಚುಮರೆಯಿಲ್ಲದೆ ಇಲ್ಲಿ ಬರೆಯುತ್ತಿದ್ದೇವೆ. ಬೇರೆ ಸಂಘಗಳವರು ಓದಿ ಎಚ್ಚರಗೊಂಡರೆ ಬರೆದದ್ದು ಸಾರ್ಥಕ.

ಕೋಲಾರದವರೊಡನೆ ಪಾಲುಗಾರಿಕೆ

ನಮ್ಮದು ಮಲೆನಾಡಿನ ಕಾಫಿ, ಅಡಿಕೆ ಬೆಳೆಗಾರರ ಸಂಘ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮಾವು ಮತ್ತು ತರಕಾರಿ ಬೆಳೆಗಾರರ ಒಂದು ಸಂಘದೊಡನೆ ನಮಗೆ ಹಲವು ವರ್ಷಗಳ ಸ್ನೇಹ. ಅವರ ಹಣ್ಣು ನಮ್ಮ ಮಳಿಗೆಗೆ ಬರುತ್ತದೆ. ನಮ್ಮ ಕಾಫಿಪುಡಿ, ಕರಿಮೆಣಸು ಅವರ ಮಳಿಗೆಗೆ ಹೋಗುತ್ತದೆ. ಇ-ಮೇಲ್ ಕಾಗದಗಳನ್ನು ಬರಮಾಡಿಕೊಂಡು, ವಿಂಗಡಿಸಿ, ಆಯಾ ಪೆಟ್ಟಿಗೆಗೆ ಹಾಕುವ ಯಂತ್ರಕ್ಕೆ ಸರ್ವರ್ ಎನ್ನುತ್ತಾರೆ. ಸಣ್ಣ ಸಂಘಗಳು ತಲೆಗೊಂದರಂತೆ ಇದನ್ನು ಇಟ್ಟುಕೊಳ್ಳುವುದು ದುಬಾರಿ. ಆದ್ದರಿಂದ ಎರಡೂ ಸಂಘಗಳು ಸೇರಿ ಒಂದನ್ನು ಬಾಡಿಗೆಗೆ ಹಿಡಿದಿವೆ. ಯಂತ್ರ ಇರುವುದು ಬೆಂಗಳೂರಿನಲ್ಲಿ. ಅದನ್ನು ನೋಡಿಕೊಳ್ಳುವ ತರುಣರು ಕೂರುವುದು ಕೋಲಾರದ ಕಚೇರಿಯಲ್ಲಿ. ಬಾಡಿಗೆ ಅರ್ಧ ಅರ್ಧ. ಸಹಕಾರ ಸಂಸ್ಥೆಗಳು ತಮ್ಮತಮ್ಮೊಳಗೆ ಸಹಕರಿಸಬೇಕೆಂಬುದು ಸಹಕಾರ ತತ್ವಗಳಲ್ಲಿ ಆರನೆಯದು. ಅದನ್ನು ನಾವು ಈ ರೀತಿಯಲ್ಲಿ ಪಾಲಿಸಿದ್ದೇವೆ.

ಯಂತ್ರ ಒಂದೇ ಆದ್ದರಿಂದ ಜರಡಿಯೂ ಒಂದೇ. ನಾವು ಇಲ್ಲಿ ಕುಳಿತು ಜರಡಿಯ ಕಣ್ಣನ್ನು ಕಿರಿದು ಮಾಡಿಸಿದರೆ ಶ್ರೀನಿವಾಸಪುರದವರ ಕಾಗದವೂ ಅದೇ ಕಿರಿಗಣ್ಣಿನಲ್ಲಿ ತೂರಿ ಬರಬೇಕು. ಈ ಮಾತನ್ನು ನಾವು ಮರೆತದ್ದೇ ಮುಂದಿನ ಕಥೆಗೆ ಕಾರಣ.

ಮೊದಲ ನಷ್ಟ: ಮೈಲುತುತ್ತದ ಹಣ

ಮಳೆಗಾಲಕ್ಕೆ ಮೊದಲು ಸದಸ್ಯರಿಗೆ ಹಂಚಲು ಪ್ರತಿವರ್ಷ ನಾವು ಮೈಲುತುತ್ತ ತರಿಸುತ್ತೇವೆ. 2025ರ ಏಪ್ರಿಲ್‌ನಲ್ಲಿ ಎಂದಿನ ಸರಬರಾಜುದಾರರ ಹೆಸರಿನಲ್ಲಿ ಒಂದು ಇ-ಮೇಲ್ ಬಂತು. ನಾಲ್ಕೇ ಸಾಲು. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣವನ್ನು ಕೆಳಗಿನ ಖಾತೆಗೆ ಕಳುಹಿಸಬೇಕಾಗಿ ವಿನಂತಿ" ಎಂದು ಮರ್ಯಾದೆಯ ಮಾತು. ಗುಮಾಸ್ತರು ಕಾಗದವನ್ನು ನಮ್ಮ ಮುಂದಿಟ್ಟರು. ಸಹಿ ಹಾಕಿದವರು ನಾವೇ. ಒಂದು ಲಕ್ಷ ಎಂಬತ್ತಾರು ಸಾವಿರ ರೂಪಾಯಿ ಹೋಯಿತು. ಐದು ದಿನಗಳ ಮೇಲೆ ನಿಜವಾದ ಸರಬರಾಜುದಾರರು ದೂರವಾಣಿ ಮಾಡಿ, ಹಣ ಯಾವಾಗ ಬರುತ್ತದೆಂದು ಕೇಳಿದಾಗ ವಿಷಯ ಹೊರಬಿತ್ತು. ಕಾಗದ ಬಂದ ವಿಳಾಸವನ್ನು ಆಮೇಲೆ ನಿಧಾನವಾಗಿ ನೋಡಿದರೆ ಅದರಲ್ಲಿ ಒಂದು ಅಕ್ಷರ ಮಾತ್ರ ಬೇರೆ ಇತ್ತು. ದೂರು ಕೊಟ್ಟೆವು. ತಡವಾಗಿದ್ದರಿಂದ ಅರ್ಧಕ್ಕಿಂತ ಕಡಿಮೆ ಹಣ ಮಾತ್ರ ಹಿಂದಕ್ಕೆ ಬಂತು.

ನಮಗೆ ಆದದ್ದು ಅವಮಾನ ಮತ್ತು ಕೋಪ. ಆ ಕೋಪದಲ್ಲಿ ಕೋಲಾರಕ್ಕೆ ದೂರವಾಣಿ ಮಾಡಿ, "ಜರಡಿ ಸಡಿಲವಾಗಿದೆ, ಬಿಗಿ ಮಾಡಿರಿ, ಕಸವೆಂದು ಕಂಡದ್ದನ್ನು ಅಳಿಸಿಹಾಕಿರಿ, ಗೊತ್ತಿಲ್ಲದ ಭಾಷೆಯ ಕಾಗದ ಬೇಡ" ಎಂದು ಹಟ ಹಿಡಿದೆವು. ಅಲ್ಲಿನ ತರುಣರು, "ಸಾರ್, ಅಳಿಸುವುದು ಬೇಡ, ಬೇರೆ ಪೆಟ್ಟಿಗೆಗೆ ಹಾಕೋಣ" ಎಂದು ಎರಡು ಸಲ ಹೇಳಿದರು. ವಯಸ್ಸಿನಲ್ಲಿ ಹಿರಿಯರೆಂಬ ಒಂದೇ ಬಲದಿಂದ ನಾವು ಅವರ ಬಾಯಿ ಮುಚ್ಚಿಸಿದೆವು.

ಎರಡನೆಯ ನಷ್ಟ: ಶ್ರೀನಿವಾಸಪುರದ ಮಾವು

ಶ್ರೀನಿವಾಸಪುರದ ಮಾವಿನ ಹೆಸರು ಕೇಳದವರಿಲ್ಲ. ಅಲ್ಲಿನ ತೋತಾಪುರಿ ಹಣ್ಣಿನ ದೊಡ್ಡ ಪಾಲು ಗಡಿ ದಾಟಿ ಆಂಧ್ರದ ಚಿತ್ತೂರು ಕಡೆಯ ತಿರುಳು ಕಾರ್ಖಾನೆಗಳಿಗೆ ಹೋಗುವುದು ವಾಡಿಕೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರದಂತೆ ತಡೆ ಹಾಕಿತು. ತಡೆ ತೆಗೆಯಬೇಕೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಸರ್ಕಾರಗಳ ಪತ್ರವ್ಯವಹಾರ ಮುಗಿಯುವವರೆಗೆ ಹಣ್ಣು ಕಾಯುವುದಿಲ್ಲ. ಕೋಲಾರದ ಸಂಘದವರು ಬೇರೆ ದಾರಿ ಹುಡುಕಿ, ತಮಿಳುನಾಡಿನ ಕೃಷ್ಣಗಿರಿ ಕಡೆಯ ಕೆಲವು ಕಾರ್ಖಾನೆಗಳಿಗೆ ಬರೆದು, ಉತ್ತರಕ್ಕಾಗಿ ದಿನವೂ ಪೆಟ್ಟಿಗೆ ತೆರೆದು ನೋಡುತ್ತಿದ್ದರು.

ಉತ್ತರ ಬಂದಿತ್ತು. ಒಂದು ಕಾರ್ಖಾನೆ ಹಣ್ಣು ಕೊಳ್ಳಲು ಒಪ್ಪಿ, ನಾಲ್ಕು ದಿನಗಳೊಳಗೆ ಖಚಿತಪಡಿಸಬೇಕೆಂದು ಬರೆದಿತ್ತು. ಕಾಗದ ಬಹುಪಾಲು ತಮಿಳಿನಲ್ಲಿತ್ತು. ನಮ್ಮ ಬಿಗಿ ಜರಡಿ ಅದನ್ನು ಕಸವೆಂದು ತೀರ್ಮಾನಿಸಿ ಅಳಿಸಿಹಾಕಿತು. ಕಳುಹಿಸಿದವರಿಗೂ ತಿಳಿಯಲಿಲ್ಲ, ಬರಬೇಕಾದವರಿಗೂ ತಿಳಿಯಲಿಲ್ಲ. ಎರಡು ವಾರ ಕಳೆದ ಮೇಲೆ ಕಾರ್ಖಾನೆಯವರು ಬೇರೆ ವಿಷಯಕ್ಕೆ ದೂರವಾಣಿ ಮಾಡಿದಾಗ, "ನೀವು ಉತ್ತರವನ್ನೇ ಕೊಡಲಿಲ್ಲವಲ್ಲ" ಎಂದರಂತೆ. ಅಷ್ಟು ಹೊತ್ತಿಗೆ ಹಣ್ಣು ಮಂಡಿಯಲ್ಲಿ ಕೇಳಿದ ಬೆಲೆಗೆ ಹೋಗಿತ್ತು. ಕೆಲವರ ತೋಟದಲ್ಲಿ ಮರದಡಿಯಲ್ಲಿಯೇ ಕೊಳೆತಿತ್ತು.

ನಾವು ಶ್ರೀನಿವಾಸಪುರಕ್ಕೆ ಹೋಗಿ ಆ ಬೆಳೆಗಾರರ ಮುಂದೆ ತಪ್ಪೊಪ್ಪಿಕೊಂಡೆವು. ಯಾರೂ ಗದರಲಿಲ್ಲ. ಎರಡೂವರೆ ಎಕರೆ ಮಾವಿನ ತೋಟದ ಒಬ್ಬ ಹಿರಿಯರು ಮಾತ್ರ, "ಕಳ್ಳ ಬರ್ತಾನೆ ಅಂತ ಬಾಗ್ಲಿಗೆ ಬೀಗ ಹಾಕಿದ್ರಿ ಸಾರ್. ಬೀಗರು ಬಂದು ಹಂಗೇ ವಾಪಸ್ ಹೋದ್ರು" ಎಂದರು. ಈ ಲೇಖನದ ಸಾರವೆಲ್ಲ ಆ ಮಾತಿನಲ್ಲಿದೆ. ಮುಂದೆ ನಾವು ಬರೆಯುವುದು ಅದರ ವಿವರಣೆ.

ಕಸದ ಕಾಗದದ ಪೂರ್ವೋತ್ತರ

ಕೇಳದೆ, ರಾಶಿರಾಶಿಯಾಗಿ ಬರುವ ಜಾಹೀರಾತು ಮತ್ತು ಮೋಸದ ಇ-ಮೇಲ್‌ಗಳಿಗೆ ಸ್ಪ್ಯಾಮ್ ಎಂದು ಹೆಸರು. ಅಮೆರಿಕದಲ್ಲಿ 1937ರಿಂದ ಮಾರಾಟದಲ್ಲಿರುವ ಡಬ್ಬಿ ಮಾಂಸವೊಂದರ ಹೆಸರು ಅದು. 1970ರಲ್ಲಿ ಬ್ರಿಟಿಷ್ ದೂರದರ್ಶನದ ಹಾಸ್ಯ ನಾಟಕವೊಂದರಲ್ಲಿ ಹೋಟೆಲಿನ ತಿಂಡಿಪಟ್ಟಿಯ ತುಂಬ ಆ ಮಾಂಸವೇ ಬಂದು, ಬೇಡವೆಂದರೂ ಬಿಡದೆ, ಮಾತೆಲ್ಲ ಅದೇ ಆಗುತ್ತದೆ. ಬೇಡವಾದ ಕಾಗದಕ್ಕೆ ಹೆಸರು ಅಲ್ಲಿಂದ ಅಂಟಿತು. ಇಂಥ ಮೊದಲ ರಾಶಿ ಕಾಗದ 1978ರ ಮೇ 3ರಂದು ಹೊರಟಿತೆಂದು ಹೇಳುತ್ತಾರೆ. ಗಣಕಯಂತ್ರದ ಕಂಪನಿಯೊಂದರ ಮಾರಾಟಾಧಿಕಾರಿ ಗ್ಯಾರಿ ಥರ್ಕ್ ಎಂಬವರು ಸುಮಾರು 400 ಜನರಿಗೆ ಒಂದೇ ಜಾಹೀರಾತನ್ನು ಒಮ್ಮೆಗೇ ಕಳುಹಿಸಿದರು. ಇ-ಮೇಲ್‌ಗೆ ಅಂಚೆಚೀಟಿಯ ಖರ್ಚಿಲ್ಲ. ಒಂದು ಕಳುಹಿಸುವುದಕ್ಕೂ ಲಕ್ಷ ಕಳುಹಿಸುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಲಕ್ಷಕ್ಕೆ ಒಬ್ಬ ಮರುಳಾದರೂ ಕಳುಹಿಸಿದವನಿಗೆ ಲಾಭ. ಈ ರೋಗ ಹರಡಿದ್ದಕ್ಕೆ ಇದೇ ಮೂಲ ಕಾರಣ.

ಜರಡಿ ಅಂಕ ಹಾಕುವ ಬಗೆ

ಅಡಿಕೆ ಆರಿಸುವಾಗ ನಾವು ಒಂದೇ ಗುಣವನ್ನು ನೋಡಿ ದರ್ಜೆ ಕಟ್ಟುವುದಿಲ್ಲ. ಬಣ್ಣ, ಗಾತ್ರ, ತೂಕ, ಒಡೆದಾಗ ಒಳಗಿನ ತಿರುಳು, ಹುಳುಕಿನ ಗುರುತು, ಎಲ್ಲವನ್ನೂ ನೋಡಿ ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎನ್ನುತ್ತೇವೆ. ಟಪಾಲಿನ ಜರಡಿಯೂ ಹಾಗೆಯೇ. ನಮ್ಮ ಸರ್ವರಿನಲ್ಲಿರುವ ಜರಡಿಯ ಹೆಸರು ಸ್ಪ್ಯಾಮ್ ಅಸ್ಯಾಸಿನ್. ಜಸ್ಟಿನ್ ಮೇಸನ್ ಎಂಬವರು 2001ರಲ್ಲಿ ಇದನ್ನು ಹೊರತಂದರು. ಬೆಲೆಯಿಲ್ಲದೆ ಯಾರು ಬೇಕಾದರೂ ಬಳಸಬಹುದು.

ಇದರಲ್ಲಿ ನೂರಾರು ನಿಯಮಗಳಿವೆ. ತಲೆಬರಹವೆಲ್ಲ ದೊಡ್ಡಕ್ಷರದಲ್ಲಿದೆಯೇ, ಬರಹ ಕಡಿಮೆಯಾಗಿ ಚಿತ್ರವೇ ಹೆಚ್ಚಾಗಿದೆಯೇ, ಕಳುಹಿಸಿದ ಯಂತ್ರ ತನ್ನ ಹೆಸರನ್ನು ಸುಳ್ಳು ಹೇಳಿದೆಯೇ, ಹೀಗೆ ಒಂದೊಂದನ್ನೂ ಪರೀಕ್ಷಿಸಿ ಒಂದೊಂದಕ್ಕೆ ಸಣ್ಣ ಸಣ್ಣ ಅಂಕ ಕೊಡುತ್ತದೆ. ಒಳ್ಳೆಯ ಗುರುತಿಗೆ ಅಂಕ ಕಳೆಯುತ್ತದೆ. ಒಟ್ಟು ಮೊತ್ತ ಒಂದು ಗೆರೆಯನ್ನು ಮುಟ್ಟಿದರೆ ಕಾಗದಕ್ಕೆ ಕಸವೆಂಬ ಗುರುತು ಬೀಳುತ್ತದೆ. ತಯಾರಿಸಿದವರು ಇಟ್ಟ ಗೆರೆ 5. ಇದನ್ನು ರಿಕ್ವೈರ್ಡ್ ಸ್ಕೋರ್ ಎಂಬ ಸಾಲಿನಲ್ಲಿ ಬದಲಿಸಬಹುದು.

ಒಂದು ಮುಖ್ಯ ವಿಷಯ. ಈ ಜರಡಿ ತಾನಾಗಿ ಯಾವ ಕಾಗದವನ್ನೂ ಎಸೆಯುವುದಿಲ್ಲ. ಗುರುತು ಹಾಕುತ್ತದೆ, ಅಷ್ಟೆ. ಗುರುತು ಬಿದ್ದ ಕಾಗದವನ್ನು ಏನು ಮಾಡಬೇಕೆಂಬ ಆಜ್ಞೆ ಬೇರೆ ಕಡೆ ಬರೆಯಬೇಕು. ಆ ಆಜ್ಞೆ ಬರೆಯುವ ಭಾಷೆಗೆ ಸೀವ್ ಎಂದು ಹೆಸರು. ಸೀವ್ ಎಂದರೆ ಇಂಗ್ಲಿಷಿನಲ್ಲಿ ಜರಡಿಯೇ! ಅಳಿಸು ಎಂಬ ಆಜ್ಞೆ ಬರೆಸಿದವರು ನಾವು. ಯಂತ್ರದ ಮೇಲೆ ತಪ್ಪು ಹೊರಿಸುವಂತಿಲ್ಲ.

ನಾವು ಎಡವಿದ ಜಾಗ

ಸರ್ವರ್ ಪ್ರತಿ ಕಾಗದದ ಅಂಕವನ್ನೂ ಕಾರಣವನ್ನೂ ದಿನಚರಿಯಲ್ಲಿ ಬರೆದಿಡುತ್ತದೆ. ಕಾಗದ ಅಳಿಸಿಹೋದರೂ ದಿನಚರಿ ಉಳಿದಿತ್ತು. ಕೋಲಾರದ ಕಚೇರಿಯಲ್ಲಿ ಕುಳಿತು ಎರಡೂ ಕಾಗದಗಳ ಅಂಕ ತೆಗೆಸಿ ನೋಡಿದೆವು.

ಕಾರ್ಖಾನೆಯ ಕಾಗದದ ಅಂಕ 3.6. ಅದರಲ್ಲಿ ದೊಡ್ಡ ಪಾಲು ಭಾಷೆಯ ನಿಯಮದಿಂದ ಬಂದದ್ದು. ಸ್ವೀಕರಿಸುವ ಭಾಷೆಗಳ ಪಟ್ಟಿಯನ್ನು ನಾವು ಬಿಗಿ ಮಾಡಿಸಿದಾಗ ತಮಿಳು ಹೊರಗುಳಿದಿತ್ತು. ಗೆರೆಯನ್ನು 5ರಿಂದ 3ಕ್ಕೆ ಇಳಿಸಿದವರೂ ನಾವೇ. ಮೊದಲಿನ ಗೆರೆಯೇ ಇದ್ದಿದ್ದರೆ ಕಾಗದ ಸಲೀಸಾಗಿ ಒಳಗೆ ಬರುತ್ತಿತ್ತು.

ಮೋಸದ ಕಾಗದದ ಅಂಕ ಎಷ್ಟಿತ್ತು ಗೊತ್ತೇ? ಕೇವಲ 0.8. ಗೆರೆಯನ್ನು 3ಕ್ಕಲ್ಲ, 1ಕ್ಕೆ ಇಳಿಸಿದ್ದರೂ ಅದು ಒಳಗೆ ಬರುತ್ತಲೇ ಇತ್ತು! ಯಾಕೆಂದರೆ ಅದರಲ್ಲಿ ಕಸದ ಕಾಗದದ ಲಕ್ಷಣಗಳೇ ಇರಲಿಲ್ಲ. ರಾಶಿಯಲ್ಲಿ ಬಂದದ್ದಲ್ಲ, ನಮ್ಮೊಬ್ಬರಿಗೇ ಕೂತು ಬರೆದದ್ದು. ಜಾಹೀರಾತಿಲ್ಲ, ಚಿತ್ರವಿಲ್ಲ, ಆಮಿಷವಿಲ್ಲ.

ಬೆಳೆಗಾರರಿಗೆ ಇದನ್ನು ಹೀಗೆ ಹೇಳಬಹುದು. ಅಡಿಕೆಯ ಕೊಳೆರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣ ಸರಿಯಾದ ಮದ್ದು. ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಬಿದ್ದರೆ ಅದೇ ಬೋರ್ಡೋವನ್ನು ಎಷ್ಟು ಗಟ್ಟಿ ಮಾಡಿ ಹೊಡೆದರೂ ಕಾಂಡದೊಳಗಿನ ಹುಳು ಸಾಯುವುದಿಲ್ಲ. ಅದಕ್ಕೆ ಗಿಡ ಗಿಡ ನೋಡಿ, ಹುಳು ಬಿದ್ದ ಗಿಡ ಗುರುತಿಸಿ, ಕಿತ್ತು ಸುಡಬೇಕು. ರಾಶಿ ಕಸಕ್ಕೆ ಜರಡಿ ಮದ್ದು. ಹೆಸರು ಕದ್ದು ಬರೆಯುವ ವಂಚಕನಿಗೆ ಬೇರೆ ಮದ್ದು. ನಾವು ಕಾಂಡಕೊರಕಕ್ಕೆ ಬೋರ್ಡೋ ಹೊಡೆದೆವು. ಅದೂ ನೆರೆಯವರ ತೋಟಕ್ಕೆ.

ಬಾಗಿಲಲ್ಲಿ ವಿಚಾರಣೆ

ಕೋಲಾರದವರಿಗೆ ಸೋಸುವ ಹಂತಗಳ ಚರ್ಚೆ ಹೊಸದಲ್ಲ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಅವರ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೆಯ ಹಂತವೂ ಬೇಕೆಂಬ ಬೇಡಿಕೆ ಅಲ್ಲಿ ಬಲವಾಗಿದೆ. ಟಪಾಲಿಗೂ ಒಂದು ಹಂತ ಸಾಲದು. ಅಂಕ ಹಾಕುವುದಕ್ಕೆ ಮೊದಲು ಬಾಗಿಲಲ್ಲಿಯೇ ಕೆಲವು ವಿಚಾರಣೆಗಳಿವೆ.

ಮೊದಲನೆಯದು ಎಸ್‌ಪಿಎಫ್. ಪ್ರತಿ ಸಂಸ್ಥೆಯೂ ತನ್ನ ಹೆಸರಿನ ದಾಖಲೆಯಲ್ಲಿ "ನಮ್ಮ ಕಾಗದ ಇಂತಿಂಥ ಯಂತ್ರಗಳಿಂದ ಮಾತ್ರ ಹೊರಡುತ್ತದೆ" ಎಂದು ಬಹಿರಂಗವಾಗಿ ಬರೆದಿಡಬಹುದು. ಬೇರೆ ಯಂತ್ರದಿಂದ ಬಂದರೆ ಅನುಮಾನಕ್ಕೆ ಎಡೆ.

ಎರಡನೆಯದು ಡಿಕೆಐಎಂ. ಇದು ಹಿಂದಿನ ಕಾಲದ ಅರಗಿನ ಮುದ್ರೆಯಂತೆ. ಕಳುಹಿಸುವ ಸರ್ವರ್ ಕಾಗದದ ಮೇಲೆ ಗುಪ್ತ ಲೆಕ್ಕದ ಒಂದು ಮುದ್ರೆ ಒತ್ತುತ್ತದೆ. ದಾರಿಯಲ್ಲಿ ಯಾರಾದರೂ ತಿದ್ದಿದರೆ ಮುದ್ರೆ ತಾಳೆಯಾಗುವುದಿಲ್ಲ.

ಮೂರನೆಯದು ಡಿಮಾರ್ಕ್. ನಮ್ಮ ಹೆಸರಿನ ಕಾಗದ ಈ ಎರಡರಲ್ಲಿ ಒಂದರಿಂದಲೂ ತಾಳೆಯಾಗದಿದ್ದರೆ ಸ್ವೀಕರಿಸುವವರು ಏನು ಮಾಡಬೇಕೆಂದು ನಾವೇ ಬರೆದಿಡುವ ಸೂಚನೆ. "ಏನೂ ಮಾಡಬೇಡಿ, ವರದಿ ಕಳುಹಿಸಿ", "ಬೇರೆ ಇಡಿ", "ತಿರಸ್ಕರಿಸಿ" ಎಂಬ ಮೂರು ಮೆಟ್ಟಿಲುಗಳು ಇದರಲ್ಲಿವೆ. ಮೊದಲ ಮೆಟ್ಟಿಲಿನಿಂದ ಆರಂಭಿಸಿ, ವರದಿಗಳನ್ನು ಕೆಲವು ವಾರ ನೋಡಿ, ಆಮೇಲೆ ಮೇಲೇರಬೇಕು. ಒಮ್ಮೆಗೇ ಮೂರಕ್ಕೆ ಹಾರಿದರೆ ನಮ್ಮದೇ ಕಾಗದ ತಿರಸ್ಕಾರವಾದೀತು.

ಇಲ್ಲಿಯೂ ಒಂದು ಎಚ್ಚರಿಕೆ. ಮೈಲುತುತ್ತದ ವಂಚಕನ ಕಾಗದಕ್ಕೆ ಮುದ್ರೆ ಸರಿಯಾಗಿಯೇ ಇತ್ತು! ಒಂದಕ್ಷರ ಬೇರೆ ಮಾಡಿ ತಾನೇ ಕೊಂಡ ಹೆಸರಿಗೆ ಅವನು ತಾನೇ ಮುದ್ರೆ ಮಾಡಿಸಿಕೊಂಡಿದ್ದ. ಮುದ್ರೆ ಇದೆಯೆಂದರೆ ಹೆಸರು ಅಸಲಿ ಎಂದರ್ಥ. ಮನುಷ್ಯ ಪ್ರಾಮಾಣಿಕ ಎಂದರ್ಥವಲ್ಲ.

ನಾಲ್ಕನೆಯದು ಕಪ್ಪುಪಟ್ಟಿ. ಕಸ ಕಳುಹಿಸುವ ಯಂತ್ರಗಳ ಪಟ್ಟಿಯನ್ನು ಕೆಲವು ಸಂಸ್ಥೆಗಳು ಇಟ್ಟಿವೆ. 1998ರಲ್ಲಿ ಆರಂಭವಾದ ಸ್ಪ್ಯಾಮ್‌ಹೌಸ್ ಅವುಗಳಲ್ಲಿ ಹೆಸರುವಾಸಿ. ಈ ಪಟ್ಟಿಯನ್ನು ಕೇಳುವಾಗ ಎಲ್ಲರೂ ಬಳಸುವ ಸಾರ್ವಜನಿಕ ಹೆಸರು-ಸರ್ವರುಗಳ ಮೂಲಕ ಕೇಳಬಾರದು. ಹಾಗೆ ಕೇಳಿದರೆ ತೀರ್ಪಿನ ಬದಲು "ನಿಮ್ಮ ಪ್ರಶ್ನೆ ಒಪ್ಪಿತವಲ್ಲ" ಎಂಬ ಸಂಕೇತ ಬರುತ್ತದೆ. ಯಾವ ಉತ್ತರ ಬಂದರೂ ಕಪ್ಪೆಂದು ತಿಳಿಯುವಂತೆ ಸರ್ವರನ್ನು ಹೂಡಿದ್ದರೆ ಬರುವ ಟಪಾಲೆಲ್ಲ ಹಿಂದಿರುಗುತ್ತದೆ. ಸ್ವಂತ ಹೆಸರು-ಸರ್ವರನ್ನೇ ಇಟ್ಟುಕೊಂಡು ಕೇಳುವುದು ಕ್ರಮ.

ಐದನೆಯದು, ಅಪರಿಚಿತನಿಗೆ "ಸ್ವಲ್ಪ ಹೊತ್ತು ಬಿಟ್ಟು ಬಾ" ಎನ್ನುವ ಉಪಾಯ. ಇದಕ್ಕೆ ಗ್ರೇಲಿಸ್ಟಿಂಗ್ ಎನ್ನುತ್ತಾರೆ. 2003ರಲ್ಲಿ ಬಳಕೆಗೆ ಬಂತು. ಮರ್ಯಾದಸ್ಥ ಸರ್ವರ್ ಕೆಲವು ನಿಮಿಷಗಳ ಮೇಲೆ ಮತ್ತೆ ಬರುತ್ತದೆ. ಕಸ ಎಸೆಯುವ ಎಷ್ಟೋ ಯಂತ್ರಗಳು ಮತ್ತೆ ಬರುವುದಿಲ್ಲ. ಇದರಿಂದ ಮೊದಲ ಕಾಗದ ತಡವಾಗುತ್ತದೆ. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಬೆಳಗಿನ ದರ ತಿಳಿಸುವ ಕಾಗದ ಅರ್ಧ ಗಂಟೆ ತಡವಾದರೂ ಕೆಲಸಕ್ಕೆ ಬಾರದು. ಆದ್ದರಿಂದ ನಾವು ಇದನ್ನು ಅನುಮಾನದ ಅಂಕ ಬಿದ್ದ ಕಾಗದಗಳಿಗೆ ಮಾತ್ರ ಇಟ್ಟಿದ್ದೇವೆ.

ಜರಡಿಗೆ ನಮ್ಮ ಭಾಷೆ ಕಲಿಸುವುದು

ಜರಡಿಯ ಇನ್ನೊಂದು ಭಾಗಕ್ಕೆ ಬೇಯ್ಸ್ ಎಂಬ ಹೆಸರಿದೆ. ಥಾಮಸ್ ಬೇಯ್ಸ್ ಇಂಗ್ಲೆಂಡಿನ ಒಬ್ಬ ಪಾದ್ರಿ. ಸಂಭವದ ಲೆಕ್ಕದ ಮೇಲೆ ಅವರು ಬರೆದದ್ದು ಅವರ ಮರಣದ ನಂತರ 1763ರಲ್ಲಿ ಪ್ರಕಟವಾಯಿತು. ಆ ಲೆಕ್ಕವನ್ನೇ ಆಧರಿಸಿ, ಯಾವ ಪದ ಒಳ್ಳೆಯ ಕಾಗದದಲ್ಲಿ ಎಷ್ಟು ಸಲ ಬಂತು, ಕಸದಲ್ಲಿ ಎಷ್ಟು ಸಲ ಬಂತು ಎಂದು ಜರಡಿ ಎಣಿಸಿಟ್ಟುಕೊಳ್ಳುತ್ತದೆ. "ಸಾಲ" ಎಂಬ ಪದ ಬ್ಯಾಂಕಿನ ಜಾಹೀರಾತಿನಲ್ಲಿಯೂ ಬರುತ್ತದೆ, ನಮ್ಮ ಬೆಳೆಸಾಲದ ಕಾಗದದಲ್ಲಿಯೂ ಬರುತ್ತದೆ. ಪದ ಒಂದರಿಂದ ತೀರ್ಮಾನವಾಗದು. ಸುತ್ತಲಿನ ಪದಗಳೆಲ್ಲ ಸೇರಿ ತೂಗಬೇಕು.

ಇದಕ್ಕೆ ಪಾಠ ಹೇಳುವವರು ನಾವು. ಒಳ್ಳೆಯ ಕಾಗದ ಕನಿಷ್ಠ 200, ಕಸ ಕನಿಷ್ಠ 200 ತೋರಿಸುವವರೆಗೆ ಈ ಭಾಗ ಬಾಯಿ ತೆರೆಯುವುದಿಲ್ಲ. ಎಸ್‌ಎ-ಲರ್ನ್ ಎಂಬ ಆಜ್ಞೆಯಿಂದ ಎರಡು ಕಟ್ಟುಗಳನ್ನೂ ತೋರಿಸಬೇಕು. ಹಿಂದೆ ನಾವು ಕಸದ ಕಟ್ಟನ್ನು ಮಾತ್ರ ತೋರಿಸಿ ಸುಮ್ಮನಾಗಿದ್ದೆವು. ಕಳ್ಳರ ಮುಖ ಮಾತ್ರ ತೋರಿಸಿ, ಮನೆಯವರ ಮುಖ ತೋರಿಸದೆ ಕಾವಲುಗಾರನನ್ನು ನಿಲ್ಲಿಸಿದ ಹಾಗಾಯಿತು.

ಒಳ್ಳೆಯ ಕಾಗದಗಳ ಕಟ್ಟಿನಲ್ಲಿ ಎಲ್ಲ ಭಾಷೆಯವೂ ಇರಬೇಕು. ಮುಳಬಾಗಿಲಿನವರಿಗೆ ಪಲಮನೇರು ನೆರೆಯೂರು, ಶ್ರೀನಿವಾಸಪುರದವರಿಗೆ ಮದನಪಲ್ಲಿ. ಅಲ್ಲಿಂದ ತೆಲುಗು ಕಾಗದ ಬರುತ್ತದೆ. ಮಾಲೂರಿನವರಿಗೆ ಹೊಸೂರು ಹತ್ತಿರ, ಅಲ್ಲಿಂದ ತಮಿಳು. ಗಡಿಯಲ್ಲಿ ವ್ಯಾಪಾರ ಮಾಡುವವರು ಮೂರು ಭಾಷೆಯಲ್ಲಿ ಮಾತಾಡುತ್ತಾರೆ. ಅವರ ಜರಡಿಗೂ ಮೂರು ಭಾಷೆ ಗೊತ್ತಿರಬೇಕು. ಈಗ ಭಾಷೆಯ ನಿಯಮವನ್ನು ಪೂರ್ತಿ ತೆಗೆಸಿದ್ದೇವೆ.

ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ ಕನ್ನಡದ ತೊಂದರೆ ಬೇರೆ. ಅದನ್ನು ಇ-ಮೇಲ್‌ಗೆ ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲಾಗಿ ಕಾಣುತ್ತದೆ. ಓದುವವರಿಗೂ ಅರ್ಥವಾಗದು, ಜರಡಿಗೂ ಅರ್ಥವಾಗದು. ಸದಸ್ಯರೂ ಗುಮಾಸ್ತರೂ ಯೂನಿಕೋಡ್ ಕನ್ನಡದಲ್ಲಿಯೇ ಬರೆಯಬೇಕಾಗಿ ಕೋರಿಕೆ.

ಈಗಿನ ಏರ್ಪಾಡು

ಎರಡೂ ಸಂಘಗಳ ಆಡಳಿತ ಮಂಡಳಿಗಳು ಕೂಡಿ ಚರ್ಚಿಸಿ ಈ ಕೆಳಗಿನಂತೆ ನಿಶ್ಚಯಿಸಿವೆ.

1. ಗೆರೆ ಮತ್ತೆ 5ಕ್ಕೆ ಬಂದಿದೆ. ಅದಕ್ಕಿಂತ ಕಡಿಮೆ ಅಂಕದ ಕಾಗದ ನೇರವಾಗಿ ಪೆಟ್ಟಿಗೆಗೆ.

2. 5ರಿಂದ 15ರವರೆಗಿನದು "ಅನುಮಾನ" ಎಂಬ ಬೇರೆ ಪೆಟ್ಟಿಗೆಗೆ. ಅಲ್ಲಿ ಮೂವತ್ತು ದಿನ ಇರುತ್ತದೆ.

3. 15 ಮತ್ತು ಅದಕ್ಕೂ ಮೇಲಿನದು ಬಾಗಿಲಲ್ಲಿಯೇ ತಿರಸ್ಕಾರ. ಬಾಗಿಲಲ್ಲಿ ತಿರಸ್ಕರಿಸಿದರೆ ಕಳುಹಿಸಿದ ಸರ್ವರಿಗೆ ಐದರಿಂದ ಆರಂಭವಾಗುವ ಸಂಕೇತ ಹೋಗುತ್ತದೆ. ಅದು ಕಳುಹಿಸಿದವರಿಗೆ "ನಿಮ್ಮ ಕಾಗದ ತಲುಪಿಲ್ಲ" ಎಂದು ತಿಳಿಸುತ್ತದೆ. ಪ್ರಾಮಾಣಿಕರಾದರೆ ದೂರವಾಣಿ ಮಾಡುತ್ತಾರೆ. ಕಾಗದವನ್ನು ಒಳಗೆ ತೆಗೆದುಕೊಂಡ ಮೇಲೆ ತಿರಸ್ಕಾರದ ಪತ್ರ ಕಳುಹಿಸಬಾರದು. ಕಸದ ಮೇಲಿನ ವಿಳಾಸ ಬಹುಪಾಲು ಕದ್ದದ್ದಾದ್ದರಿಂದ ಅದು ಯಾರೋ ನಿರಪರಾಧಿಗೆ ಹೋಗುತ್ತದೆ.

4. ಸದ್ದಿಲ್ಲದೆ ಅಳಿಸುವ ಆಜ್ಞೆ ಯಾವ ಅಂಕಕ್ಕೂ ಇಲ್ಲ.

5. "ಅನುಮಾನ" ಪೆಟ್ಟಿಗೆಯನ್ನು ದಿನಕ್ಕೆರಡು ಸಲ, ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ, ಒಬ್ಬರು ತೆರೆದು ನೋಡಿ ಪುಸ್ತಕದಲ್ಲಿ ಸಹಿ ಮಾಡಬೇಕು. ನಮ್ಮಲ್ಲಿ ಗುಮಾಸ್ತರು, ಅವರ ರಜೆಯಲ್ಲಿ ಕಾರ್ಯದರ್ಶಿ. ಕೋಲಾರದಲ್ಲಿ ನಾಲ್ಕು ತಾಲ್ಲೂಕಿಗೂ ಸರದಿಯಿದೆ.

6. ತಪ್ಪಾಗಿ ಬಿದ್ದ ಒಳ್ಳೆಯ ಕಾಗದವನ್ನು ಹೊರತೆಗೆದು, ಅದೇ ದಿನ ಜರಡಿಗೆ "ಇದು ಒಳ್ಳೆಯದು" ಎಂದು ಪಾಠ ಹೇಳಬೇಕು.

7. ಎಂದಿನ ವ್ಯಾಪಾರಿಗಳನ್ನು ಬಿಳಿಪಟ್ಟಿಗೆ ಸೇರಿಸುವಾಗ ಹೆಸರು ನೋಡಿ ಸೇರಿಸಬಾರದು. ಹೆಸರನ್ನು ಯಾರೂ ಬರೆಯಬಹುದು. ಎಸ್‌ಪಿಎಫ್ ಅಥವಾ ಮುದ್ರೆ ತಾಳೆಯಾದರೆ ಮಾತ್ರ ಅನ್ವಯಿಸುವ ವೆಲ್ಕಮ್‌ಲಿಸ್ಟ್ ಆಥ್ ಎಂಬ ಬಗೆಯನ್ನೇ ಬಳಸಬೇಕು.

8. ಏನು ಬದಲಿಸಿದರೂ ಪರೀಕ್ಷಿಸಬೇಕು. ಜಿಟ್ಯೂಬ್ ಎಂಬ ಪರೀಕ್ಷಾ ಸಾಲೊಂದಿದೆ; ಅದನ್ನು ಬರೆದ ಕಾಗದಕ್ಕೆ ಜರಡಿ 1000 ಅಂಕ ಹಾಕಲೇಬೇಕು. ಹಾಗೆಯೇ ಕನ್ನಡ, ತೆಲುಗು, ತಮಿಳಿನ ಒಂದೊಂದು ಒಳ್ಳೆಯ ಕಾಗದ ಕಳುಹಿಸಿ ಒಳಗೆ ಬಂತೇ ಎಂದು ನೋಡಬೇಕು. ಕಸ ನಿಂತಿತೇ ಎಂದು ಮಾತ್ರ ನೋಡಿ, ಕಾಳು ಬಂತೇ ಎಂದು ನೋಡದಿರುವುದು ಅರ್ಧ ಪರೀಕ್ಷೆ.

9. ಒಂದು ಸಂಘದ ಮಾತಿನ ಮೇಲೆ ಗೆರೆ ಬದಲಾಗದು. ಎರಡೂ ಕಾರ್ಯದರ್ಶಿಗಳ ಒಪ್ಪಿಗೆ ಬೇಕು.

ಯಂತ್ರದಿಂದ ಆಗದ ಕೆಲಸ

ಖಾತೆ ಬದಲಾಗಿದೆ ಎಂಬ ಕಾಗದಕ್ಕೆ ಮದ್ದು ಜರಡಿಯಲ್ಲಿಲ್ಲ, ದೂರವಾಣಿಯಲ್ಲಿದೆ. ಅಂಥ ಕಾಗದ ಬಂದರೆ ಸಂಘದ ಹಳೆಯ ಪುಸ್ತಕದಲ್ಲಿರುವ ಸಂಖ್ಯೆಗೆ ಮಾತಾಡಿ ಖಚಿತ ಮಾಡಿಕೊಳ್ಳಬೇಕು. ಕಾಗದದಲ್ಲಿ ಕೊಟ್ಟ ಸಂಖ್ಯೆಗೆ ಮಾಡಿದರೆ ಎತ್ತುವವನು ವಂಚಕನೇ. ಹೊಸ ಖಾತೆಗೆ ಹಣ ಕಳುಹಿಸಲು ಈಗ ಇಬ್ಬರ ಸಹಿ ಬೇಕೆಂದು ನಿಯಮ ಮಾಡಿದ್ದೇವೆ.

ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ದೂರವಾಣಿ ಮಾಡಿರಿ. ಇದು ಇಡೀ ದೇಶಕ್ಕೆ ಇರುವ ಸೈಬರ್ ವಂಚನೆಯ ಸಹಾಯವಾಣಿ. ನಾಚಿಕೊಂಡು ಕಳೆದ ಒಂದೊಂದು ಗಂಟೆಯೂ ಹಣವನ್ನು ದೂರ ಮಾಡುತ್ತದೆ. ಇದು ನಮ್ಮ ಅನುಭವದ ಮಾತು. ಬೇರೊಬ್ಬರ ವೇಷದಲ್ಲಿ ಗಣಕಯಂತ್ರದ ಮೂಲಕ ಮೋಸ ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸಜೆಯಾಗುವ ಅಪರಾಧ. ಬ್ಯಾಂಕುಗಳ ಹೆಸರಿನಲ್ಲಿ ಬರುವ ಕಾಗದವನ್ನು ಗುರುತಿಸಲು ಒಂದು ಅನುಕೂಲವೂ ಆಗಿದೆ. ಬ್ಯಾಂಕುಗಳೆಲ್ಲ ತಮ್ಮ ಅಂತರ್ಜಾಲದ ವಿಳಾಸವನ್ನು "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಕೊನೆಗೊಳ್ಳುವ ಹೆಸರಿಗೆ 2025ರ ಅಕ್ಟೋಬರ್ 31ರೊಳಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ವಿಳಾಸದ ಕೊನೆಯನ್ನು ಓದುವ ಅಭ್ಯಾಸ ಮಾಡಿಕೊಳ್ಳಿರಿ.

ಸದಸ್ಯರಲ್ಲಿ ವಿನಂತಿ

ಸಂಘದಿಂದ ನಿಮಗೆ ಬರಬೇಕಾದ ಕಾಗದ ಬಾರದಿದ್ದರೆ ನಿಮ್ಮ ಮೊಬೈಲಿನ ಸ್ಪ್ಯಾಮ್ ಪೆಟ್ಟಿಗೆಯನ್ನೂ ಒಮ್ಮೆ ನೋಡಿರಿ. ಅಲ್ಲಿದ್ದರೆ "ಸ್ಪ್ಯಾಮ್ ಅಲ್ಲ" ಎಂಬುದನ್ನು ಒತ್ತಿರಿ; ನಿಮ್ಮ ಜರಡಿಯೂ ಪಾಠ ಕಲಿಯುತ್ತದೆ. ಗೂಗಲ್, ಯಾಹೂ ಸಂಸ್ಥೆಗಳು 2024ರ ಫೆಬ್ರವರಿಯಿಂದ ಮುದ್ರೆಯಿಲ್ಲದ ಕಾಗದಗಳ ಬಗ್ಗೆ ಬಿಗಿಯಾಗಿವೆ. ನಮ್ಮ ಕಡೆಯ ಮುದ್ರೆಗಳನ್ನು ಸರಿಪಡಿಸಿದ್ದೇವೆ. ಸಂಘಕ್ಕೆ ಬರೆಯುವಾಗ ತಲೆಬರಹದಲ್ಲಿ ನಿಮ್ಮ ಸದಸ್ಯ ಸಂಖ್ಯೆ ಮತ್ತು ವಿಷಯವನ್ನು ಬರೆಯಿರಿ. ಬರಹವಿಲ್ಲದೆ ಚಿತ್ರ ಮಾತ್ರ ಕಳುಹಿಸಬೇಡಿರಿ. ಮುಖ್ಯವಾದ ಕಾಗದಕ್ಕೆ ಎರಡು ದಿನದಲ್ಲಿ ಉತ್ತರ ಬಾರದಿದ್ದರೆ ದೂರವಾಣಿ ಮಾಡಲು ಸಂಕೋಚ ಬೇಡ.

ಈ ಹೊಸ ಕ್ರಮದಲ್ಲಿ ಸ್ವಲ್ಪ ಕಸ ಒಳಗೆ ಬರುತ್ತದೆ. ಬರಲಿ. ಹತ್ತು ಜೊಳ್ಳು ಒಳಗೆ ಬಂದರೆ ಆರಿಸಿ ಎಸೆಯಲು ಎರಡು ನಿಮಿಷ. ಒಂದು ಕಾಳು ಹೊರಗೆ ಹೋದರೆ ಒಂದು ಬೆಳೆಗಾರನ ವರ್ಷವೇ ಹೋಗಬಹುದು. ಶ್ರೀನಿವಾಸಪುರದವರ ಆ ವರ್ಷವನ್ನು ನಾವು ಹಿಂದಕ್ಕೆ ಕೊಡಲಾರೆವು. ಅವರ ನಷ್ಟದ ಸ್ವಲ್ಪ ಭಾಗವನ್ನಾದರೂ ನಮ್ಮ ಸಂಘ ಭರಿಸಬೇಕೆಂಬ ಸೂಚನೆಯನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದಿಡುತ್ತಿದ್ದೇವೆ. ಸದಸ್ಯರು ತಪ್ಪದೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಪ್ರಾರ್ಥನೆ.

ಬೀಗರು ಬರುವ ಬಾಗಿಲಿಗೆ ಬೀಗ ಬೇಡ. ಬಂದವರನ್ನು ಜಗುಲಿಯಲ್ಲಿ ಕೂರಿಸಿ, ಯಾರೆಂದು ವಿಚಾರಿಸುವವರೊಬ್ಬರು ಮನೆಯಲ್ಲಿರಲಿ.

ಇತಿ,
ಕಾರ್ಯದರ್ಶಿ